ನಾಲ್ಕರಲ್ಲಿ ಇಲ್ಲದ ಐದನೆಯ ಉತ್ತರ

ಮಂಜುಳಾ, ನಿನಗೆ ಇಂಗ್ಲಿಷ್ ಬರುತ್ತಿತ್ತು. ಬಾರದೆ ಇದ್ದದ್ದು ನನಗೆ. ಈ ಎರಡು ವಾಕ್ಯ ಬರೆಯಲು ಒಂಬತ್ತು ವರ್ಷ ತೆಗೆದುಕೊಂಡಿದ್ದೇನೆ — ಅದೂ ವಾಕ್ಯ ತಿದ್ದುವುದನ್ನು ಕಲಿಸುತ್ತೇನೆಂದು ಬೋರ್ಡು ಹಾಕಿಕೊಂಡಿದ್ದವಳು.

ಜಗಳೂರಿನ ಗೊಬ್ಬರದಂಗಡಿಯ ಮಹಡಿ ಮೇಲೆ ನಡೆಯುತ್ತಿದ್ದ ನನ್ನ ಬೆಳಗಿನ ಕ್ಲಾಸು ನೆನಪಿದೆಯಲ್ಲ? ಎಂ.ಬಿ.ಎ. ಪ್ರವೇಶ ಪರೀಕ್ಷೆಗೆ ಕೂರುವ ಹದಿನಾಲ್ಕು ಜನ, ಕೆಳಗಿನಿಂದ ಬರುವ ಯೂರಿಯಾದ ಘಾಟು, ಮಧ್ಯೆ ನಾನು. ನಾನು ಓದಿದ್ದು ಚರಿತ್ರೆ. ಆದರೆ ಕಾನ್ವೆಂಟಿನವಳು ಎಂಬ ಒಂದೇ ಕಾರಣಕ್ಕೆ ಜನ ನನ್ನನ್ನು ಇಂಗ್ಲಿಷ್ ಮೇಡಂ ಮಾಡಿದರು, ನಾನೂ ಬೇಡವೆನ್ನಲಿಲ್ಲ. ಪಟಪಟನೆ ಮಾತಾಡುತ್ತಿದ್ದೆ, ನಿಜ. ಒಂದು ವಾಕ್ಯ ಕೊಟ್ಟು, ಕೆಳಗೆ ನಾಲ್ಕು ತಿದ್ದುಪಡಿ ಕೊಟ್ಟು, ಸರಿಯಾದದ್ದು ಯಾವುದು ಎಂದು ಕೇಳಿದರೆ ಮಾತ್ರ — ನಾಲ್ಕೂ ನನ್ನ ಕಣ್ಣಿಗೆ ಒಂದೇ ಥರ ಕಾಣುತ್ತಿದ್ದವು.

ಅದಕ್ಕೆ ನನ್ನದೊಂದು ಉಪಾಯವಿತ್ತು. ಮೊದಲು ಪುಸ್ತಕದ ಹಿಂದಿನ ಉತ್ತರ ನೋಡಿಕೊಳ್ಳುವುದು, ಕಾರಣ ಆಮೇಲೆ ಹುಟ್ಟಿಸುವುದು. ಉತ್ತರ ಚಿಕ್ಕದಿದ್ದರೆ, ಚಿಕ್ಕ ವಾಕ್ಯವೇ ಚೆಂದ ಎನ್ನುತ್ತಿದ್ದೆ. ಉದ್ದವಿದ್ದರೆ, ಸ್ಪಷ್ಟತೆ ಮುಖ್ಯ. ಎರಡೂ ಹೊಂದದಿದ್ದರೆ, ಇದೊಂದು ಅಪವಾದ, ಬರೆದುಕೊಳ್ಳಿ. ನಿಮ್ಮೆಲ್ಲರ ನೋಟುಬುಕ್ಕಿನಲ್ಲಿ ನಿಯಮಗಳು ಒಂದು ಪುಟ ಇದ್ದರೆ ಅಪವಾದಗಳು ಹತ್ತು ಪುಟ ಇದ್ದವು. ಆಗಲಾದರೂ ಯಾರಾದರೂ ಅನುಮಾನ ಪಡಬೇಕಿತ್ತು.

ಪಟ್ಟವಳು ನೀನೊಬ್ಬಳೇ. ನಿಮ್ಮೂರು ಸೊಕ್ಕೆಯಿಂದ ಮೊದಲ ಬಸ್ಸಿಗೆ ಬರುತ್ತಿದ್ದೆ. ಕ್ಲಾಸು ಮುಗಿದ ಮೇಲೆ ವಾಪಸ್ ಬಸ್ಸು ಬರುವವರೆಗೆ ಗ್ರಂಥಾಲಯದಲ್ಲಿ ಕೂತು ಇಂಗ್ಲಿಷ್ ಪತ್ರಿಕೆಯನ್ನು ಕೊನೆಯ ಪುಟದವರೆಗೆ ಓದುತ್ತಿದ್ದೆ. ಮನೆಯಲ್ಲಿ ನಿನಗೆ ಕೊಟ್ಟಿದ್ದು ಒಂದೇ ವರ್ಷ, ಒಂದೇ ಪರೀಕ್ಷೆ. ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಇಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ನೀನು ಪ್ರತಿ ಪ್ರಶ್ನೆಯನ್ನೂ ಎರಡು ಸಲ ಪಿಸುಗುಟ್ಟಿ ಓದಿ, ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ. ಪ್ರತಿ ಸಲವೂ ನಿನ್ನ ಉತ್ತರ ಬೇರೆ, ನನ್ನದು ಬೇರೆ. ಪ್ರತಿ ಸಲವೂ ನಾನು ಗೆಲ್ಲುತ್ತಿದ್ದೆ, ಪುಸ್ತಕ ನನ್ನ ಕೈಯಲ್ಲಿತ್ತಲ್ಲ. ಒಂದು ದಿನ ಒಂದು ಪ್ರಶ್ನೆಗೆ ಹಿಂದಿನ ಪುಟದಲ್ಲಿ ‘ಐದು’ ಎಂದಿತ್ತು. ಪ್ರಶ್ನೆಯ ಕೆಳಗೆ ಇದ್ದದ್ದು ನಾಲ್ಕೇ ಆಯ್ಕೆ. ಬುದ್ಧಿ ಇದ್ದವರು ಅಲ್ಲಿಗೇ ಪುಸ್ತಕ ಮುಚ್ಚುತ್ತಿದ್ದರು. ನಾನು ಬೋರ್ಡಿನ ಮೇಲೆ ದಪ್ಪಗೆ ‘ಐದು’ ಎಂದು ಬರೆದೆ.

“ಮೇಡಂ, ಐದನೇದು ಎಲ್ಲೈತ್ರಿ?” ಎಂದು ನೀನು ಕೇಳಿದೆ.

“ನಾಕೂ ಸರಿ ಅನ್ನಿಸದಿದ್ರೆ ಐದನೇದು ಮನಸ್ಸಿನಾಗೆ ಇರ್ತೈತೆ” ಎಂದೆ.

ಹದಿಮೂರು ಜನ ಅದನ್ನು ಬರೆದುಕೊಂಡರು. ಕೊನೆಗೆ ನೀನೂ ಬರೆದುಕೊಂಡೆ.

ಅದಾದ ವಾರಕ್ಕೆ ಅದೇ ಪುಸ್ತಕದಿಂದ ಮಾದರಿ ಪರೀಕ್ಷೆ ಇಟ್ಟೆ. ನಲವತ್ತಕ್ಕೆ ನಿನಗೆ ಒಂಬತ್ತು ಬಂತು. ಎಲ್ಲರೆದುರು ನಿನ್ನ ಹಾಳೆ ಎತ್ತಿ ಹಿಡಿದು ನಾನು ಅಂದ ಮಾತು ನನಗೆ ಅಕ್ಷರಶಃ ನೆನಪಿದೆ.

“ಇದು ನಿನ್ನ ತಲೆಗೆ ಹತ್ತಲ್ಲ ಮಂಜುಳಾ. ದಿನಾ ಯಾಕೆ ಸುಮ್ನೆ ಬಸ್ ಹತ್ತಿ ಬರ್ತೀಯ?”

ನೀನು ಹಾಳೆಯನ್ನು ಮಗುಚಿ ಮೇಜಿನ ಮೇಲಿಟ್ಟು ಹೋದೆ. ಮರುದಿನದಿಂದ ಬರಲಿಲ್ಲ. ನಾನು ಸ್ವಲ್ಪ ನಿರಾಳವಾದೆ, ಅದನ್ನೂ ಹೇಳಿಬಿಡುತ್ತೇನೆ.

ನಾಲ್ಕು ದಿನ ಕಳೆದು ನನ್ನ ತವರು ಹೊನ್ನಾಳಿಗೆ ಹೋಗಿದ್ದೆ. ನಮ್ಮ ಪುಸ್ತಕ ಅಸಲಿಯಲ್ಲ, ಅಲ್ಲಿಯ ಅಂಗಡಿಯೊಂದರಲ್ಲಿ ಜೆರಾಕ್ಸ್ ಮಾಡಿಸಿ ಬೈಂಡ್ ಹಾಕಿಸಿದ್ದು. ಅಂಗಡಿಯವರು ನನ್ನನ್ನು ಕಂಡವರೇ ಒಳಗಿನಿಂದ ಒಂದು ಕಟ್ಟು ತಂದರು. “ಮೇಡಮ್ಮಾರೆ, ಅವತ್ತು ಎರಡು ಪುಸ್ತಕ ಒಟ್ಟಿಗೆ ಹೊಲ್ದಿದ್ದೆ ನೋಡ್ರಿ. ನಿಮ್ಮ ಉತ್ತರದ ಹಾಳೆ ಇಲ್ಲೇ ಉಳ್ಕಂಡೈತೆ. ನಿಮ್ಮದಕ್ಕೆ ಬೇರೆಯವರದ್ದು ಸೇರೈತೆ.”

ಎರಡು ತಿಂಗಳು ನಾನು ಬೇರೆ ಯಾವುದೋ ಪುಸ್ತಕದ ಉತ್ತರಗಳಿಗೆ ಕಾರಣ ಹೇಳುತ್ತಿದ್ದೆ, ಮಂಜುಳಾ. ಅದೂ ಎಷ್ಟು ಗಟ್ಟಿ ದನಿಯಲ್ಲಿ!

ವಾಪಸ್ ಬರುವಾಗ ಬಸ್ಸಿನಲ್ಲೇ, ಚೀಲದಲ್ಲಿ ಉಳಿದಿದ್ದ ನಿನ್ನ ಹಾಳೆ ತೆಗೆದು ಸರಿಯಾದ ಉತ್ತರಗಳ ಪಕ್ಕ ಇಟ್ಟು ನೋಡಿದೆ. ಮೂವತ್ತೇಳು ಸರಿ ಇದ್ದವು. ಹಾಗಾದರೆ ನಾನು ಕೊಟ್ಟ ಆ ಒಂಬತ್ತು ಯಾವುವು? ನನ್ನ ಮಾತು ನಂಬಿ ನಿನ್ನ ಉತ್ತರ ಅಳಿಸಿ ಬದಲಾಯಿಸಿದವು ಮೂರು. ತಪ್ಪಾಗಿದ್ದೂ ಆ ಮೂರೇ. ಉಳಿದ ಆರು, ಎರಡೂ ಪುಸ್ತಕದ ಉತ್ತರಕ್ಕೆ ಹೇಗೋ ತಾಳೆಯಾಗಿದ್ದವು.

ಮರುದಿನ ಕ್ಲಾಸಿನಲ್ಲಿ ಏನು ಮಾಡಿದೆ ಗೊತ್ತೇ? ಪ್ರಕಾಶಕರು ಉತ್ತರಗಳನ್ನು ಪರಿಷ್ಕರಿಸಿದ್ದಾರೆ ಎಂದೆ. ಹೊಸ ಉತ್ತರಗಳಿಗೆ ಹೊಸ ಕಾರಣ, ಅದೇ ಗಟ್ಟಿ ದನಿ. ಹಳೆಯ ಅಪವಾದಗಳು ನಿಯಮಗಳಾದವು, ನಿಯಮಗಳು ಅಪವಾದಗಳಾದವು. ಹದಿಮೂರು ಜನ ಅದನ್ನೂ ಬರೆದುಕೊಂಡರು. ಕೇಳುವವಳನ್ನು ನಾನೇ ಮನೆಗೆ ಕಳಿಸಿದ್ದೆನಲ್ಲ.

ಪರೀಕ್ಷೆಗೆ ಇನ್ನೂ ಹನ್ನೊಂದು ದಿನವಿತ್ತು. ನಿನ್ನ ಹಾಳೆ ಹಿಡಿದು ಸೊಕ್ಕೆಯ ಬಸ್ಸು ಹತ್ತಿದೆ, ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ನಿಮ್ಮ ಮನೆಯವರ ಎದುರು ಏನೆಂದು ಹೇಳಲಿ, ನಾಳೆ ಜಗಳೂರಿನಲ್ಲಿ ನನ್ನ ಮರ್ಯಾದೆ ಏನಾದೀತು — ಡ್ರೈವರ್ ಬಂದು ಕೂರುವ ಹೊತ್ತಿಗೆ ನಾನು ಇಳಿದಿದ್ದೆ. ನೀನು ಪರೀಕ್ಷೆಗೆ ಬರಲೇ ಇಲ್ಲವೆಂದು ಆಮೇಲೆ ನಿನ್ನ ಜೊತೆಯವರು ಹೇಳಿದರು.

ಈಗ ಚನ್ನಗಿರಿಯ ಶಾಲೆಯೊಂದರಲ್ಲಿ ಸಮಾಜ ಹೇಳಿಕೊಡುತ್ತೇನೆ. ಇಂಗ್ಲಿಷಿನ ತಂಟೆಗೆ ಹೋಗುವುದಿಲ್ಲ. ಈ ವರ್ಷ ಎಂಟನೇ ತರಗತಿಗೆ ಸೊಕ್ಕೆಯ ಹುಡುಗಿಯೊಬ್ಬಳು ಸೇರಿದ್ದಾಳೆ, ಇಲ್ಲೇ ಹಾಸ್ಟೆಲ್ಲಿನಲ್ಲಿದ್ದಾಳೆ. ಕಳೆದ ವಾರದ ಕಿರುಪರೀಕ್ಷೆಯಲ್ಲಿ ಅವಳು ನಾಲ್ಕು ಆಯ್ಕೆಗಳನ್ನೂ ಬಿಟ್ಟು, ಕೆಳಗೆ ತಾನೇ ಐದು ಎಂದು ಬರೆದು ಅದಕ್ಕೆ ಗುರುತು ಹಾಕಿದ್ದಳು. ಇದೇನೇ ಎಂದು ಕೇಳಿದೆ.

“ನಮ್ಮೂರಾಗೆ ಟ್ಯೂಷನ್ ಹೇಳೋ ಮಂಜುಳಕ್ಕ ಹೇಳ್ಕೊಟ್ಟಾರ್ರಿ ಮೇಡಂ. ನಾಕೂ ಸರಿ ಅನ್ನಿಸದಿದ್ರೆ ಐದನೇದು ಮನಸ್ಸಿನಾಗೆ ಇರ್ತೈತಂತೆ. ಅವರ ಮೇಡಂ ಹೇಳಿದ್ರಂತೆ, ಅವರು ಭಾಳ ಓದಿದೋರಂತೆ.”

ಮೊದಲು ನಗು ಬಂತು. ಆಮೇಲೆ ಸ್ಟಾಫ್ ರೂಮಿಗೆ ಹೋಗಿ ಅತ್ತೆ. ನೀನು ಇನ್ನೂ ನನ್ನನ್ನು ನಂಬಿದ್ದೀಯಲ್ಲ ಮಂಜುಳಾ, ಅದನ್ನು ತಡೆದುಕೊಳ್ಳಲು ನನಗೆ ಆಗುತ್ತಿಲ್ಲ.

ನಾಳೆ ಭಾನುವಾರ. ಜಗಳೂರಿಗೆ ಬಂದು ಅಲ್ಲಿಂದ ಸೊಕ್ಕೆಯ ಬಸ್ಸು ಹತ್ತುತ್ತೇನೆ, ಈ ಸಲ ಇಳಿಯುವುದು ಸೊಕ್ಕೆಯಲ್ಲೇ. ನಿನ್ನ ಹಾಳೆ ಚೀಲದಲ್ಲಿದೆ. ಒಂಬತ್ತನ್ನು ಹೊಡೆದುಹಾಕಿ ಮೂವತ್ತೇಳು ಎಂದು ಬರೆದು, ಕೆಳಗೆ ಸಹಿ ಹಾಕಿದ್ದೇನೆ. ನಿನ್ನ ಟ್ಯೂಷನ್ನಿನ ಮಕ್ಕಳ ಎದುರೇ ಅದನ್ನು ನಿನ್ನ ಕೈಗೆ ಕೊಡುತ್ತೇನೆ. ಹೀಗೇಕೆ ಮಾಡಿದಿರಿ ಮೇಡಂ ಎಂದು ನೀನು ಕೇಳಬಹುದು. ಯಾವ ಉತ್ತರಕ್ಕಾದರೂ ಒಂದು ಕಾರಣ ಹುಟ್ಟಿಸುತ್ತಿದ್ದವಳು ನಾನು. ಇದಕ್ಕೆ ನನ್ನ ಬಳಿ ಕಾರಣವಿಲ್ಲ.