ತಾಳೆಯಾದ ಲೆಕ್ಕ

ಬಂದರು ಕಚೇರಿಯಲ್ಲಿ ಅಕ್ಕನ ಮೇಜು ಕೆಳಗೆ, ತಂಗಿಯದು ಮಹಡಿಯಲ್ಲಿ. ಮುಂದಿನ ವರ್ಷ ಯಾವ ದಿನ, ಎಷ್ಟು ಗಂಟೆಗೆ, ಅಳಿವೆಯಲ್ಲಿ ನೀರು ಎಷ್ಟಡಿ ಏರುತ್ತದೆಂದು ಇಬ್ಬರೂ ಬೇರೆಬೇರೆಯಾಗಿ ಲೆಕ್ಕ ಹಾಕಬೇಕು. ಕೆಲಸದ ಹೊತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಎರಡೂ ಉತ್ತರ ತಾಳೆಯಾದರೆ ಮಾತ್ರ ಮೇಲ್ವಿಚಾರಕರು ಅದನ್ನು ಉಬ್ಬರದ ಪುಸ್ತಕವಾಗಿ ಅಚ್ಚಿಗೆ ಕಳಿಸುತ್ತಿದ್ದರು. ಹೀಗೆ ಕೂಡಿ ಕಳೆಯುವುದರಲ್ಲೇ ಅಕ್ಕನಿಗೆ ಇಪ್ಪತ್ತೆರಡು ವರ್ಷ ಕಳೆದು, ತಲೆ ಬೆಳ್ಳಗಾಗಿತ್ತು.

ಇಬ್ಬರಿಗೂ ಲೆಕ್ಕ ಕಲಿಸಿದವರು ಅಪ್ಪ. ಯಾರದೋ ಪುಸ್ತಕ ನೋಡಿ ಅವರು ಕೈಯಲ್ಲೇ ಬರೆದಿಟ್ಟ, ಉಬ್ಬರದ ಲೆಕ್ಕಕ್ಕೆ ಬೇಕಾದ ಅಂಕಿಗಳ ಕೋಷ್ಟಕವನ್ನು ಹೆಣ್ಣುಮಕ್ಕಳು ನಕಲು ಮಾಡಿಕೊಂಡಿದ್ದರು. ತಮ್ಮ ಮಾತ್ರ ಲೆಕ್ಕವೆಂದರೆ ಮಾರು ದೂರ ಓಡುವವನು. ಸರಕಿನ ದೋಣಿ ನಡೆಸುತ್ತಿದ್ದ. ಈ ಬೆಳಿಗ್ಗೆಯೂ ಉಬ್ಬರದ ಪುಸ್ತಕವನ್ನು ಜೇಬಿಗೆ ತುರುಕಿಕೊಳ್ಳುತ್ತ ರೇಗಿಸಿದ್ದ: “ನೀವಿಬ್ರೂ ಒಪ್ಪಿರೋದು ಇದೊಂದನ್ನೇ. ನಂಬದೆ ಇರೋಕಾಗುತ್ತಾ?”

ಹನ್ನೆರಡರ ಹೊತ್ತಿಗೆ ಕಚೇರಿಗೆ ಅದೇ ಕೋಷ್ಟಕದ ಹೊಸ ಅಚ್ಚಿನ ಪ್ರತಿ ಬಂತು. ಅಕ್ಕ ಸುಮ್ಮನೆ ತನ್ನ ನಕಲಿನ ಪಕ್ಕ ಇಟ್ಟು ಬೆರಳು ಇಳಿಸುತ್ತ ಹೋದಳು. ಒಂಬತ್ತನೆಯ ಪುಟದಲ್ಲಿ ಬೆರಳು ನಿಂತಿತು. ಅಚ್ಚಿನಲ್ಲಿ ಮೂರು, ತನ್ನದರಲ್ಲಿ ಎಂಟು. ಅಚ್ಚಿನವರೇ ಎಡವಿರಬೇಕೆಂದು ಎರಡು ಸಲ ಲೆಕ್ಕ ಹಾಕಿ ನೋಡಿದಳು. ಅಚ್ಚಿನದೇ ಸರಿಯಿತ್ತು. ನಿಯಮ ಹಾಳಾಗಲಿ ಎಂದು ಮಹಡಿ ಹತ್ತಿದಳು. ತಂಗಿಯ ನಕಲಿನಲ್ಲೂ ಎಂಟೇ ಇತ್ತು. ಎಡವಿದ್ದು ಅಪ್ಪ.

“ಆದರೆ ನಂದೂ ನಿಂದೂ ತಾಳೆ ಆಗಿತ್ತಲ್ಲಕ್ಕ.”

“ಆಗದೆ ಏನು ಮಾಡುತ್ತೆ? ತಪ್ಪು ಒಂದೇ ಮನೇದು.”

ಆ ಅಂಕಿ ಬೇಕಾಗುವ ದಿನಗಳು ವರ್ಷಕ್ಕೆ ಆರೋ ಏಳೋ. ಅಂಥ ದಿನಗಳಲ್ಲಿ ಮೂರು ದೋಣಿಗಳು ಅಳಿವೆಯ ಮರಳುದಿಬ್ಬಕ್ಕೆ ಬಡಿದಿದ್ದವು. ನಡೆಸುವವರು ಕುಡಿದಿದ್ದರೆಂದು ಊರೆಲ್ಲ ಆಡಿಕೊಂಡಿತ್ತು. ಅಕ್ಕನೂ ಹಾಗೇ ಅಂದಿದ್ದಳು. ಈಗ ನಾಚಿಕೆಯಿಂದ ಅವಳ ಮೈಯೆಲ್ಲ ಸುಟ್ಟಿತು.

ಇವತ್ತೂ ಅಂಥದೇ ದಿನ. ಮಧ್ಯಾಹ್ನ ಒಂದಕ್ಕೆ ದಿಬ್ಬದ ಮೇಲೆ ಹನ್ನೆರಡಡಿ ನೀರೆಂದು ಪುಸ್ತಕ ಹೇಳುತ್ತಿತ್ತು. ತಿದ್ದಿದರೆ ಏಳು. ತುಂಬಿದ ದೋಣಿಗೆ ಒಂಬತ್ತಾದರೂ ಬೇಕು.

ಇಬ್ಬರೂ ಬಿದ್ದೆನೋ ಎದ್ದೆನೋ ಎಂದು ದೋಣಿಕಟ್ಟೆಗೆ ಓಡಿದರು. ತಮ್ಮನ ದೋಣಿ ಕಟ್ಟುವ ಗೂಟ ಖಾಲಿಯಿತ್ತು.

“ಸರಕು ತುಂಬ್ಕೊಂಡು ಈಗಷ್ಟೇ ಹೋದ,” ಅಂದ ಕಾವಲುಗಾರ. “ನೀರು ಯಾಕೋ ಕಮ್ಮಿ ಕಾಣ್ತಿದೆ ಕಣಪ್ಪ ಅಂದೆ. ‘ನಿನ್ನ ಕಣ್ಣನ್ನ ನಂಬ್ಲಾ, ನಮ್ಮಕ್ಕಂದಿರನ್ನ ನಂಬ್ಲಾ?’ ಅಂತ ನಕ್ಕುಬಿಟ್ಟ.”

ತಂಗಿ ತಮ್ಮನ ಹೆಸರು ಹಿಡಿದು ಕೂಗಿದಳು. ಗಾಳಿ ಎದುರಿಗಿತ್ತು. ದಿಬ್ಬದ ಮೇಲೆ ಎಷ್ಟಡಿ ನೀರಿದೆಯೆಂದು ತೋರಿಸುವ ಅಳತೆಯ ಕಂಬ ಕಟ್ಟೆಯ ತುದಿಯಲ್ಲಿತ್ತು. ಇಬ್ಬರೂ ಅದರತ್ತ ನೋಡಿದರು.

“ಏಳು,” ಅಂದಳು ತಂಗಿ.

ಅಕ್ಕನಿಗೂ ಏಳೇ ಕಂಡಿತ್ತು.