ಜೀನ್ಸ್ ತೊಟ್ಟ ಪೈಪು

ನನ್ನ ಸೋದರಮಾವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತಾ ಹೋದವರು ‘ಇವಳದು ಒಂದೇ ಕಡೆಯ ಮಾತು’ ಎಂದು ಹೊಸದಾಗಿ ಕಂಡುಹಿಡಿಯುವ ಕಷ್ಟ ತೆಗೆದುಕೊಳ್ಳಬೇಕಾಗಿಲ್ಲ. ಹೌದು, ಒಂದೇ ಕಡೆಯದು. ಅವನ ಕಡೆಯದನ್ನು ಬೇಕಿದ್ದರೆ ಅವನೇ ಬರೆದುಕೊಳ್ಳಲಿ.

ಅವನ ಹತ್ತಿರ ಒಂದು ಹಳೆಯ ಟೆಂಪೋ ಇತ್ತು. ಭೈರವಾನಿತಿಪ್ಪದ ಡ್ಯಾಮಿನ ಪಕ್ಕದ ನಮ್ಮ ಊರಿನಿಂದ ರಾಯದುರ್ಗದ ಜೀನ್ಸ್ ಯೂನಿಟ್ಟುಗಳಿಗೆ ಹೊಲಿಗೆಗೆ ಹೋಗುವ ಹೆಂಗಸರನ್ನು ಬೆಳಿಗ್ಗೆ ತುಂಬಿಕೊಂಡು ಹೋಗುತ್ತಿದ್ದ, ಸಂಜೆ ತಂದು ಇಳಿಸುತ್ತಿದ್ದ. ಆ ಗಾಡಿಯ ಇಂಜಿನ್ನು ಮುಂದೆ ಮೂತಿಯಲ್ಲಿರಲಿಲ್ಲ, ಒಳಗೆ ಡ್ರೈವರನ ಮಗ್ಗುಲಲ್ಲೇ ಇತ್ತು. ಅದರ ಮೇಲೆ ಮುಚ್ಚಿದ ಬಾನೆಟ್ಟೇ ನನ್ನ ಸೀಟು. ಉಳಿದವರಿಗೆ ಹಿಂದೆ ಬೆಂಚು, ನನಗೆ ಮಾತ್ರ ಅವನ ಪಕ್ಕ. ಬೇಸಿಗೆಯಲ್ಲಿ ಹೆಂಚಿನ ಮೇಲಿನ ರೊಟ್ಟಿಯಂತೆ ಬೇಯುತ್ತಾ ಕೂತಿರುತ್ತಿದ್ದೆ. ಅವನು ಕನ್ನಡಿಯಲ್ಲಿ ರಸ್ತೆ ನೋಡುವ ಬದಲು ನನ್ನನ್ನು ನೋಡುತ್ತಿದ್ದ.

ಅಪ್ಪ ಬೆಂಗಳೂರಿಗೆ ಗಾರೆ ಕೆಲಸಕ್ಕೆಂದು ಹೋದವನು. ಮೊದಮೊದಲು ಹಬ್ಬಕ್ಕೆ ಬರುತ್ತಿದ್ದ, ಆಮೇಲೆ ಹಬ್ಬಕ್ಕೂ ಬರಲಿಲ್ಲ. ಅವ್ವ ನನ್ನನ್ನು ಕಟ್ಟಿಕೊಂಡು ತವರಿಗೆ ಬಂದಳು. ತವರೆಂದರೆ ತಾತ ಮತ್ತು ಅವ್ವನ ತಮ್ಮನಾದ ಈ ಮಾವ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮ ಕಡೆ ಹಿಂದಿನಿಂದ ನಡೆದುಬಂದದ್ದು. ಯಾರನ್ನೂ ಕೇಳಿ ಮಾಡುವ ಕೆಲಸವಲ್ಲ. ನಾನು ಆ ಮನೆಯ ಹೊಸ್ತಿಲು ತುಳಿದ ದಿನವೇ ಮಾವನ ಪಾಲಿಗೆ ನಾನು ಗೊತ್ತಾದ ಹೆಣ್ಣು. ಇನ್ನೂ ಲಂಗ ಹಾಕಿಕೊಳ್ಳುವ ವಯಸ್ಸಿನಲ್ಲಿ ಓಣಿಯ ಹೆಂಗಸರು ನನ್ನನ್ನು ಅವನ ಹೆಸರು ಹಿಡಿದು ರೇಗಿಸುತ್ತಿದ್ದರು. ಅವನು ನಿಂತು ಕೇಳಿ ಹಲ್ಲು ಕಿರಿಯುತ್ತಿದ್ದ.

ನಾನು ಹಟ ಹಿಡಿದು ಹೊಲಿಗೆಗೆ ಹೊರಟೆ. ಎರಡು ದಿನ ಊಟ ಬಿಟ್ಟ ಮೇಲೆ ತಾತ ಒಪ್ಪಿದ. ಒಪ್ಪುವಾಗ ಒಂದು ಮಾತು ಇಟ್ಟ.

“ಹೋಗ್ತೀನಂದ್ರ ಹೋಗು. ಆದ್ರ ದೀಪ ಹಚ್ಚೋದ್ರೊಳಗ ಮನ್ಯಾಗಿರಬೇಕು. ಒಂದು ದಿನ ತಪ್ಪಿದ್ರೂ ಹೊಲಿಗಿ ಬಂದ್. ತಪ್ಪಿದ ದಿನಾನೇ ತಾಂಬೂಲ.”

ತಾಂಬೂಲವೆಂದರೆ ಎಲೆ ಅಡಿಕೆ ಬದಲಿಸಿ ಮದುವೆ ಗೊತ್ತು ಮಾಡುವುದು. ತಾತ ಮಾತಿಗೆ ತಪ್ಪುವವನಲ್ಲ. ಒಳ್ಳೆಯ ಮಾತಿಗೂ ತಪ್ಪುತ್ತಿರಲಿಲ್ಲ, ಕೆಟ್ಟ ಮಾತಿಗೂ ತಪ್ಪುತ್ತಿರಲಿಲ್ಲ. ಹೀಗಾಗಿ ನನ್ನ ಇಡೀ ಬದುಕು ಆ ಟೆಂಪೋ ಸಂಜೆ ಹೊತ್ತಿಗೆ ಸರಿಯಾಗಿ ಊರು ಸೇರುತ್ತದೋ ಇಲ್ಲವೋ ಎನ್ನುವುದರ ಮೇಲೆ ನಿಂತಿತು. ಟೆಂಪೋ ಯಾರ ಕೈಯಲ್ಲಿತ್ತು ಎಂಬುದನ್ನು ಮತ್ತೆ ಹೇಳಬೇಕಿಲ್ಲ.

ಗಾಡಿಗಳ ವಿಚಾರ ನನಗೆ ಏನೂ ಗೊತ್ತಿರಲಿಲ್ಲ. ಆದರೆ ಬಾನೆಟ್ಟಿನ ಮೇಲೆ ಕೂತವಳಿಗೆ ಅದರ ಕೆಳಗಿನ ಸಂಕಟ ಗೊತ್ತಾಗದೆ ಇರುತ್ತದೆಯೇ? ಒಂದು ದಿನ ಗುಮ್ಮಗಟ್ಟ ದಾಟುವಾಗ ಕಾಲಿಗೆ ಬಿಸಿ ಹಬೆ ಬಡಿಯಿತು. ಮಾವ ಗಾಡಿ ನಿಲ್ಲಿಸಿ, ನಮ್ಮನ್ನು ಇಳಿಸಿ, ಬಾನೆಟ್ಟು ಎತ್ತಿದ. ರೇಡಿಯೇಟರಿನಿಂದ ಇಂಜಿನ್ನಿಗೆ ಬಿಸಿನೀರು ಓಡಾಡುವ ರಬ್ಬರ್ ಪೈಪು ಕ್ಲಿಪ್ಪಿನ ಹತ್ತಿರ ಬೆವರುತ್ತಿತ್ತು. ಅವನು ಕ್ಲಿಪ್ಪು ಬಿಗಿ ಮಾಡಿ, ಯಾರದೋ ತೋಟದ ಬೋರಿನ ಉಪ್ಪುನೀರು ತಂದು ಸುರಿದ.

ಮರುದಿನ ಊಟದ ಹೊತ್ತಿನಲ್ಲಿ ನಾನು ಯೂನಿಟ್ಟಿನ ಹತ್ತಿರದ ಮೆಕ್ಯಾನಿಕ್ಕನ ಶೆಡ್ಡಿಗೆ ಹೋದೆ. ಮಾವ ಹಗಲೆಲ್ಲಾ ಗಾಡಿಯನ್ನು ಆ ಶೆಡ್ಡಿನ ಮುಂದಿನ ಬೇವಿನ ಮರದಡಿ ಬಿಟ್ಟು, ಬೀಗದ ಕೈಯನ್ನು ಮೆಕ್ಯಾನಿಕ್ಕನಿಗೆ ಕೊಟ್ಟು, ಇಸ್ಪೀಟಿಗೆ ಹೋಗುತ್ತಿದ್ದ. ಮೆಕ್ಯಾನಿಕ್ ಸಿಡುಕ. ಅರ್ಧ ತೆಲುಗು, ಅರ್ಧ ಕನ್ನಡ, ಎರಡರಲ್ಲೂ ಬೈಗುಳ. “ಏಮ್ಮಾ, ನಿನಗ್ಯಾಕ ಇದೆಲ್ಲಾ?” ಎಂದ. ಆದರೂ ಬಾನೆಟ್ಟು ಎತ್ತಿ ತೋರಿಸಿದ.

“ಇಂಜಿನ್ ತಣ್ಣಗಿದ್ದಾಗ ಹಿಂಗ ಹಿಚುಕಿ ನೋಡು. ಬಿಗಿ ಇರಬೇಕು, ಬಿಟ್ಟಕೂಡ್ಲೇ ಮತ್ತ ಹಂಗೇ ನಿಲ್ಲಬೇಕು. ಇದು ನೋಡು, ಕೊಳೆತ ಬಾಳೆಹಣ್ಣು. ಕ್ಲಿಪ್ಪಿನ ಹತ್ರ ಉಬ್ಬೈತಿ, ಒಳಗಿಂದ ಸವದೈತಿ. ಸೋರಿದ ಮ್ಯಾಲೆ ಹಾಕಿಸ್ತೀನಿ ಅನ್ನೋನು ಹುಚ್ಚ. ಸೋರಾಕ ಶುರು ಆದಾಗ ಅದರ ಕತಿ ಮುಗಿದಿರ್ತೈತಿ. ಹಾಕಿದ್ರ ಮೇಲಿಂದು ಕೆಳಗಿಂದು ಎರಡೂ ಹಾಕ್ಸಬೇಕು. ಒಂದು ಹೊಸದು ಒಂದು ಹಳೇದು ಅಂದ್ರ, ಹಳೇದು ರಸ್ತ್ಯಾಗ ನಿಲ್ಲಿಸ್ತೈತಿ. ನಿಮ್ಮಾವಗ ನೂರು ಸಲ ಹೇಳೀನಿ.”

ಅವತ್ತು ಸಂಜೆಯೇ ಕೇಳಿದೆ. “ಮಾವ, ಪೈಪ್ ಹಾಕ್ಸು.”

“ನಡಿಯೋ ಗಾಡಿ ಬಿಚ್ಚಬಾರದು,” ಎಂದ.

ಯುಗಾದಿ ಬರಲಿ ಎಂದ. ಯುಗಾದಿ ಬಂತು, ಹೋಯಿತು. ಈ ಲಾಟಿನ ಪ್ಯಾಂಟುಗಳು ಮುಗಿಯಲಿ ಎಂದ, ಲಾಟು ಹೊಲಿಯುತ್ತಿದ್ದವರು ನಾವು, ಅವನೇನೂ ಹೊಲಿಯುತ್ತಿರಲಿಲ್ಲ. ಆಯುಧಪೂಜೆಗೆ ರೇಡಿಯೇಟರಿಗೆ ಮೂರು ಬೆರಳು ವಿಭೂತಿ ಬಳಿದು, ಗಾಲಿಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ. ಹಿಂದೆ ಕೂತ ಹೆಂಗಸರೂ ಕೇಳಿದರು. ಅವರಿಗೂ ಮನೆಯಲ್ಲಿ ಅತ್ತೆಯರಿದ್ದರು, ಕಾಯುವ ಮಕ್ಕಳಿದ್ದರು. ಅವನ ಉತ್ತರ ಒಂದೇ: “ಒಡೀಲಿ, ಆಮ್ಯಾಲೆ ನೋಡೋಣು.” ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕೇಳಿ ಗೊತ್ತಿತ್ತು, ಇವನನ್ನು ಕಣ್ಣಾರೆ ಕಂಡೆ.

ಎಲ್ಲರ ಬಾಯಿ ಮುಚ್ಚಿಸಲು ಒಂದು ಉಪಾಯ ಮಾಡಿದ. ಜೀನ್ಸ್ ಊರಿನ ಉಪಾಯ. ಆ ದಿನಗಳಲ್ಲಿ ರಾಯದುರ್ಗದಲ್ಲಿ ಕಟ್ಟಿಂಗಿನಲ್ಲಿ ಉಳಿದ ಜೀನ್ಸ್ ಚೂರುಗಳಿಗೆ ಕೊನೆ ಇರಲಿಲ್ಲ. ನೀರಿನ ಬಾಟಲಿಗೆ ಜೀನ್ಸ್ ಕವರು, ಸೈಕಲ್ ಸೀಟಿಗೆ ಜೀನ್ಸ್ ಕವರು, ಕಾಲು ಮುರಿದ ಕುರ್ಚಿಗೂ ಜೀನ್ಸಿನ ಪಟ್ಟಿ. ಗಟ್ಟಿ ಬಟ್ಟೆ, ಡಬಲ್ ಹೊಲಿಗೆ, ಇನ್ನೇನು ಬೇಕು ಎನ್ನುವ ನಂಬಿಕೆ ನಮಗೆಲ್ಲಾ. ಮಾವ ಆ ಕೊಳೆತ ಪೈಪಿಗೆ ಎರಡು ಪದರ ಜೀನ್ಸ್ ಸುತ್ತಿಸಿ, ಹಳದಿ ದಾರದಲ್ಲಿ ದಬ್ಬಳದಿಂದ ಹೊಲಿಸಿಕೊಂಡು ಬಂದ. ಬಾನೆಟ್ಟು ಎತ್ತಿ ನಮಗೆಲ್ಲಾ ತೋರಿಸಿದ. “ಇನ್ನು ಹತ್ತು ವರ್ಷ ಏನೂ ಆಗಂಗಿಲ್ಲ.” ಹಿಂದಿನ ಬೆಂಚಿನ ಹೆಂಗಸರು ತಲೆದೂಗಿದರು. ಬೆಳಗಿನಿಂದ ಸಂಜೆವರೆಗೆ ಅದೇ ಬಟ್ಟೆಯನ್ನು ಹೊಲಿಯುವವರು, ಅದು ಹರಿಯುವುದನ್ನು ಅವರು ಕಂಡಿರಲೇ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಬಟ್ಟೆಯ ಒಳಗೆ ರಬ್ಬರು ಉಬ್ಬಿದರೂ ಕಾಣುವುದಿಲ್ಲ, ಬಿರುಕು ಬಿಟ್ಟರೂ ಕಾಣುವುದಿಲ್ಲ. ಸ್ವಲ್ಪ ದಿನದಲ್ಲೇ ಆ ಕವರಿನ ಮೇಲೆ ಉಪ್ಪಿನ ಬಿಳಿ ಕಲೆ ಮೂಡಿತು.

ಅವನು ಸೋಮಾರಿ, ಜುಗ್ಗ, ಅಷ್ಟೇ ಎಂದುಕೊಂಡಿದ್ದೆ. ಒಂದು ಸಂಜೆ ಇಳಿಯುವಾಗ ಅವನೇ ಬಾಯಿಬಿಟ್ಟ. ನಗುತ್ತಲೇ ಹೇಳಿದ: “ಆ ಪೈಪ್ ಹೋದ ದಿನ ನಿನ್ನ ಹೊಲಿಗೀನೂ ಹೋತು ತಿಳ್ಕೋ. ನನಗೇನು ಅವಸರ ಇಲ್ಲ.”

ಅವತ್ತು ನನಗೆ ಅರ್ಥವಾಯಿತು. ಅವನು ಮುಂದೂಡುತ್ತಿರಲಿಲ್ಲ, ಕಾಯುತ್ತಿದ್ದ. ಒಂದು ರಬ್ಬರ್ ಪೈಪನ್ನು ಮುಂದಿಟ್ಟುಕೊಂಡು, ಅದು ಒಡೆಯಲಿ ಎಂದು, ನನಗಾಗಿ ಕಾಯುತ್ತಿದ್ದ. ಎದುರಿಗೆ ಬಂದು ‘ನಿನ್ನನ್ನು ಮದುವೆ ಆಗುತ್ತೇನೆ’ ಎನ್ನುವ ಗಂಡಸನ್ನಾದರೂ ಉಗಿದು ಕಳಿಸಬಹುದು. ಪೈಪಿನ ಹಿಂದೆ ಅಡಗಿ ಕೂತವನನ್ನು ಏನು ಮಾಡುವುದು?

ಪೈಪನ್ನು ನಾನೇ ಹಾಕಿಸಿದೆ. ನನ್ನ ದುಡಿಮೆಯಲ್ಲೇ. ಮೆಕ್ಯಾನಿಕ್ಕು ಮೊದಲು ಒಪ್ಪಲಿಲ್ಲ, ಗಾಡಿಯವನು ಹೇಳದೆ ಮುಟ್ಟುವುದಿಲ್ಲ ಎಂದ. “ನೂರು ಸಲ ಹೇಳೀನಿ ಅಂದ್ರಲ್ರೀ ಅಣ್ಣಾ, ನೂರೊಂದನೇ ಸಲ ಹೇಳ್ತೀರೇನ್ರಿ?” ಎಂದೆ. ಅವನು ಗೊಣಗುತ್ತಾ ಎದ್ದ. ಜೀನ್ಸ್ ಕವರು ನೋಡಿ, “ಪೈಪಿಗೆ ಪ್ಯಾಂಟ್ ತೊಡಿಸಿದವನ್ಯಾರಮ್ಮಾ?” ಎಂದು ಮೊದಲ ಸಲ ನಕ್ಕ. ಹಳೆಯದನ್ನು ಬಿಚ್ಚಿ ಬಗ್ಗಿಸಿದರೆ ಕೈಯಲ್ಲೇ ಸೀಳಿತು. ಮೇಲಿನದು, ಕೆಳಗಿನದು, ಎರಡೂ ಹೊಸದು ಹಾಕಿದ. ಉಪ್ಪುನೀರು ಬಸಿದು ಹಸಿರು ಕೂಲೆಂಟ್ ತುಂಬಿದ. ಆಮೇಲೆ ನಾನು ಅದೇ ಜೀನ್ಸ್ ಕವರನ್ನು ಹೊಸ ಪೈಪಿಗೆ ಸುತ್ತಿ, ಅದೇ ಹಳದಿ ದಾರದಲ್ಲಿ, ಅದೇ ತೂತುಗಳಲ್ಲಿ ದಬ್ಬಳ ಹಾಯಿಸಿ ಹೊಲಿದೆ. ಮಾವನಿಗೆ ಹೇಳಿದ್ದರೆ ಜಗಳವಾಡಿ ಹೊಸ ಪೈಪನ್ನೂ ಬಿಚ್ಚಿಸುತ್ತಿದ್ದ. ಅವನಂತೂ ಬಾನೆಟ್ಟಿನ ಒಳಗೆ ಇಣುಕುವ ಪೈಕಿ ಅಲ್ಲ. ಮೆಕ್ಯಾನಿಕ್ಕೂ ಬಾಯಿ ಬಿಡಲಿಲ್ಲ.

ಆಮೇಲೆ ಕೆಲವು ತಿಂಗಳು ನಾನು ಬಾನೆಟ್ಟಿನ ಮೇಲೆ ನೆಮ್ಮದಿಯಾಗಿ ಕೂತೆ. ಮಾವ ಕನ್ನಡಿಯಲ್ಲಿ ನೋಡಿದರೆ ನಾನೂ ತಿರುಗಿ ನೋಡುತ್ತಿದ್ದೆ.

ಕಾದು ಕಾದು ಅವನ ತಾಳ್ಮೆ ಮುಗಿಯಿತು. ಚಳಿಗಾಲ, ಹೊತ್ತು ಬೇಗ ಮುಳುಗುವ ದಿನಗಳು. ಒಂದು ಸಂಜೆ ರಾಯದುರ್ಗವನ್ನೇ ತಡವಾಗಿ ಬಿಟ್ಟ. ಗುಮ್ಮಗಟ್ಟ ದಾಟಿ, ಎರಡೂ ಕಡೆ ಬರೀ ಶೇಂಗಾ ಹೊಲ, ಒಂದು ಮನೆಯೂ ಇಲ್ಲದ ಕಡೆ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದ. ಸ್ಟೇರಿಂಗಿಗೆ ಒಂದು ಗುದ್ದು ಗುದ್ದಿದ.

“ಪೈಪ್ ಹೋತು. ಇಳೀರಿ ಎಲ್ರೂ.”

ಇಳಿದೆವು. ಅವನು ಬಾನೆಟ್ಟನ್ನು ಅರ್ಧ ಎತ್ತಿ, ಬಗ್ಗಿ, ನಿಟ್ಟುಸಿರು ಬಿಟ್ಟ. “ಪೂರಾ ಒಡೆದೈತಿ. ನಾನು ಗುಮ್ಮಗಟ್ಟಕ್ಕ ಹೋಗಿ ಪೈಪ್ ತರ್ತೀನಿ. ನೀವು ಇಲ್ಲೇ ಕುಂದ್ರಿ. ಕತ್ತಲಾದ್ರೂ ಹೆದರಬ್ಯಾಡ್ರಿ.” ಹೇಳುವಾಗ ಅವನು ನೋಡಿದ್ದು ನನ್ನನ್ನು. ಹಬೆ ಇಲ್ಲ, ಬಿಸಿನೀರಿನ ವಾಸನೆ ಇಲ್ಲ, ನೆಲದ ಮೇಲೆ ಒಂದು ಹನಿ ಇಲ್ಲ. ಸೂರ್ಯ ಇನ್ನೂ ಗುಡ್ಡದ ಮೇಲಿದ್ದ.

ನಾನು ಮುಂದೆ ಬಂದು ಬಾನೆಟ್ಟು ಪೂರ್ತಿ ಎತ್ತಿದೆ. ಕೊರಳಲ್ಲಿ ದಾರ ಕತ್ತರಿಸುವ ಸಣ್ಣ ಕತ್ತರಿ ನೇತಾಡುತ್ತಿತ್ತು. ಹೊಲಿಗೆಯ ಹೆಂಗಸರ ಕೊರಳಲ್ಲಿ ಅದು ಯಾವಾಗಲೂ ಇರುತ್ತದೆ. ದುಪಟ್ಟಾದ ಸೆರಗಿನಿಂದ ಪೈಪನ್ನು ಹಿಡಿದು, ಹಳದಿ ದಾರವನ್ನು ಕತ್ತರಿಸುತ್ತಾ ಹೋದೆ. “ಏ, ಸುಡ್ತೈತಿ, ಕೈ ತಗಿ!” ಎಂದು ಕೂಗಿದ. ತೆಗೆಯಲಿಲ್ಲ. ಕವರನ್ನು ಎಳೆದು ರಸ್ತೆಗೆ ಬಿಸಾಡಿದೆ. ಒಳಗೆ ಕರ್ರಗೆ ಹೊಳೆಯುವ ಪೈಪು, ಹೊಸ ಕ್ಲಿಪ್ಪು, ಒಣ ಒಣ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ, ಗುಂಡಿಗೆ ಕಾಜಾ ಹಾಕುವ ಅಕ್ಕ ಬಗ್ಗಿ ನೋಡಿದಳು. “ಇದು ಹೊಸದೈತಲ್ಲೋ. ಎಲ್ಲಿ ಒಡೆದೈತಿ, ತೋರ್ಸು?”

“ನಾನೇ ಹಾಕ್ಸಿದ್ದು,” ಎಂದೆ. “ಮಾವಗ ಗೊತ್ತಿಲ್ಲ. ಹಳೇದೇ ಐತಿ ಅಂದ್ಕೊಂಡಾನ. ಅದಕ್ಕ ಒಡೆದೈತಿ ಅಂತಾನ.”

ಹೆಂಗಸರು ಅವನ ಮೇಲೆ ಬಿದ್ದ ರೀತಿಯನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಅವನ ತಾಯಿಯಿಂದ ಹಿಡಿದು ಟೆಂಪೋದ ಗಾಲಿಯವರೆಗೆ ಯಾವುದನ್ನೂ ಬಿಡಲಿಲ್ಲ. ಅವನು ಬಾನೆಟ್ಟು ಮುಚ್ಚಿ ಗಾಡಿ ಬಿಟ್ಟ. ನಾನು ನನ್ನ ಜಾಗದಲ್ಲೇ ಕೂತೆ. ಊರು ಸೇರುವವರೆಗೂ ಅವನು ಕನ್ನಡಿ ನೋಡಲಿಲ್ಲ. ಗೆದ್ದೆ ಎಂದುಕೊಂಡು ಬೀಗುತ್ತಾ ಓಣಿಯಲ್ಲಿ ನಡೆದೆ. ಪಡುವಣದಲ್ಲಿ ಇನ್ನೂ ಕೆಂಪಿತ್ತು.

ನಮ್ಮ ಮನೆಯ ಅಂಗಳ ಸಾರಿಸಿತ್ತು. ಕಟ್ಟೆಯ ಮೇಲೆ ಚಾಪೆ ಹಾಸಿತ್ತು. ಕಣೇಕಲ್ಲಿನ ಕಡೆಯ ನಮ್ಮ ಹಿರಿಯ ನೆಂಟರು ಇಬ್ಬರು ತಾತನ ಜೊತೆ ಕೂತಿದ್ದರು. ತಾತ ಅವರ ಹತ್ತಿರ ಮಳೆಯ ಮಾತಾಡುತ್ತಿದ್ದ. ಇವರು ಯಾಕೆ ಬಂದಿದ್ದಾರೆಂದು ಅವನಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಬಾಗಿಲ ಒಳಗೆ ಹಿತ್ತಾಳೆಯ ತಟ್ಟೆ ಇತ್ತು. ಎಲೆ, ಅಡಿಕೆ, ತೆಂಗಿನಕಾಯಿ, ಮಡಿಸಿದ ಒಂದು ಹಸಿರು ಸೀರೆ.

ಅವ್ವ ದೀಪ ಹಿಡಿದು ಹೊರಗೆ ಬಂದಳು. ಬತ್ತಿಗೆ ಎಣ್ಣೆ ಹಾಕಿತ್ತು, ಇನ್ನೂ ಹಚ್ಚಿರಲಿಲ್ಲ. ನನ್ನನ್ನು ಕಂಡು ನಿಂತಳು. ಎಲ್ಲರೂ ಕೇಳಿಸಿಕೊಳ್ಳುತ್ತಾರೆಂಬ ಅರಿವೂ ಇಲ್ಲದೆ ಕೇಳಿದಳು:

“ಯಾಕ, ಗಾಡಿ ಕೆಡ್ಲಿಲ್ಲೇನು?”

ತಾತ ಮಾತು ನಿಲ್ಲಿಸಿದ. ಅವ್ವನನ್ನು ನೋಡಿದ, ನನ್ನನ್ನು ನೋಡಿದ, ಒಳಗಿನ ತಟ್ಟೆಯನ್ನು ನೋಡಿದ. ಆಮೇಲೆ ನೆಂಟರಿಗೆ, “ದೀಪ ಇನ್ನೂ ಹಚ್ಚಿಲ್ಲ. ಹುಡುಗಿ ಬಂದೈತಿ,” ಎಂದ. ಅಷ್ಟೇ ಅಂದು ಎದ್ದು ದನದ ಕಡೆ ಹೋದ.

ನಾನು ಅವ್ವನನ್ನು ಗೋಡೆಯ ಮರೆಗೆ ಎಳೆದುಕೊಂಡು ಹೋದೆ. “ನಿನಗೂ ಗೊತ್ತಿತ್ತಾ? ಅವನು ಗಾಡಿ ನಿಲ್ಲಿಸ್ತಾನಂತ ಗೊತ್ತಿದ್ದು ನೆಂಟರನ್ನ ಕರ್ಸಿದ್ಯಾ?”

ಅವಳು ಇಲ್ಲ ಎನ್ನಲಿಲ್ಲ. ಅಳಲೂ ಇಲ್ಲ. “ನಿನಗ ಮಷೀನು ಐತಿ, ಎಲ್ಲಿ ಹೋದ್ರೂ ಹೊಲ್ಕೊಂಡು ತಿಂತೀ,” ಎಂದಳು. “ನಿಮ್ಮಪ್ಪ ಬಿಟ್ಟ. ನೀನು ಅವನನ್ನ ಮಾಡ್ಕೊಳ್ಳಲಿಲ್ಲಂದ್ರ, ತಾತ ಹೋದ ಮ್ಯಾಲೆ ನನ್ನ ಈ ಮನ್ಯಾಗ ಯಾರು ಇಟ್ಕೊಂತಾರ ಹೇಳು?”

ಮಾವನನ್ನು ದ್ವೇಷಿಸುವುದು ನನಗೆ ಎಂದೂ ಕಷ್ಟವಾಗಿರಲಿಲ್ಲ. ಆ ಹೊತ್ತಿನಲ್ಲಿ ಅವ್ವನ ಕೆನ್ನೆಗೆ ಬಾರಿಸಬೇಕೆಂದು ನನ್ನ ಕೈ ಮೇಲೆದ್ದಿತು. ಅವಳು ತಪ್ಪಿಸಿಕೊಳ್ಳಲಿಲ್ಲ. ಹಚ್ಚದ ದೀಪ ಹಿಡಿದುಕೊಂಡು ನಿಂತಿದ್ದಳು, ನಾನು ಉತ್ತರ ಹೇಳುತ್ತೇನೆಂದು ಕಾಯುತ್ತಾ.