ಎತ್ತಿನ ಹತ್ತಿರ ಆಡಿದ ಮಾತು

ಸುಬ್ಬಿಯ ಹೆಸರು ಮೊದಲು ನನ್ನ ಕಿವಿಗೆ ಬಿದ್ದದ್ದು ಅವಳ ಮಗನನ್ನು ಪೊಲೀಸರು ಭಟ್ಕಳಕ್ಕೆ ಕರೆದೊಯ್ದ ದಿನ. ಅರವತ್ತನೇ ಇಸವಿ ಇರಬೇಕು. ನಮ್ಮ ಮನೆಯವರು ಇದ್ದ ಕಾಲ. ನಾನು ಶಿರಾಲಿಗೆ ಮದುವೆಯಾಗಿ ಬಂದ ಹೊಸತು. ಬಾವಿಕಟ್ಟೆಯಲ್ಲಿ ನೆರೆಮನೆಯ ನಾಗು ಹೇಳಿದಳು:

"ಸೊಪ್ಪು ಮಾರೂ ಸುಬ್ಬಿ ಮಗ ಸೋಮ ಅಂಗಡಿ ಬೀಗ ಮುರದ್ನಂತೆ. ಇನ್ನು ಸರಕಾರನೇ ಅನ್ನ ಹಾಕ್ತದೆ, ಅವಳಿಗೆಂತ ಚಿಂತೆ!"

ಸೋಮನಿಗೆ ಆಗ ಮೀಸೆ ಕೂಡ ಮೂಡಿರಲಿಲ್ಲ. ಧಾರವಾಡದಲ್ಲಿ ಹುಡುಗರ ಜೈಲಿಗೆ ಹಾಕಿದರು.

ಮರುವಾರ ಸುಬ್ಬಿ ಹರಿವೆ ಸೊಪ್ಪಿನ ಬುಟ್ಟಿ ಹೊತ್ತು ನಮ್ಮ ಅಂಗಳಕ್ಕೆ ಬಂದಳು. ಕುತ್ತಿಗೆ ತುಂಬ ಮಣಿಸರ, ಗಟ್ಟಿ ಹೆಂಗಸು. ನಟ್ಟಿ ಗದ್ದೆಯಲ್ಲಿ ಅವಳು ಹಾಡು ಎತ್ತಿದರೆ ರಸ್ತೆಯವರೆಗೆ ಕೇಳುತ್ತಿತ್ತು. ಮಗನ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ.

"ನೋಡೂಕೆ ಹೋಗೂದಿಲ್ವಾ?" ಎಂದು ನಾನೇ ಕೇಳಿದೆ.

"ಗಂಡ ಬೇಡ ಅಂದ, ಅಕ್ಕ."

ಮೂರು ಮಳೆಗಾಲ ಕಳೆದು ಸೋಮ ಬಂದ. ಅಪ್ಪ ಶುಕ್ರ ಅವನನ್ನು ಅಟ್ಟಲಿಲ್ಲ, ಮಾತೂ ಆಡಲಿಲ್ಲ. ಹೇಳಬೇಕಾದದ್ದನ್ನೆಲ್ಲ ಎತ್ತಿಗೆ ಹೇಳುತ್ತಿದ್ದ. "ಏ ಬೊಳ್ಯ, ಮೇಲಿನ ಗದ್ದೆ ಅಂಚು ಒಡದಿದೆ ನೋಡು. ಕಟ್ಟೂಕೆ ಯಾರೂ ಇಲ್ಲ." ಸೋಮ ಎದ್ದು ಹೋಗಿ ಕಟ್ಟಿ ಬರುತ್ತಿದ್ದ. ಒಮ್ಮೆ ಅವನೂ ಎತ್ತಿನ ಕಿವಿಗೆ ಬಾಯಿಟ್ಟು, "ಬೊಳ್ಯ, ಕಟ್ಟಿ ಆತು ಅಂತ ಅಪ್ಪಗೆ ಹೇಳು" ಅಂದನಂತೆ. ಸುಬ್ಬಿ ಇದನ್ನು ಹೇಳಿ ನಕ್ಕಳು. ನಾನೂ ನಕ್ಕೆ.

"ನೀ ಎಂತ ಮಾತಾಡ್ತಿ ಅವನ ಹತ್ರ?"

"ಅನ್ನ ಬಡಿಸ್ತೆ, ಅಷ್ಟೇ. ಗಂಡ ಆಡದ ಮೇಲೆ ನಾ ಆಡೂದು ಹೆಂಗೆ?"

ಮರುವರ್ಷ ಆಷಾಢದಲ್ಲಿ ಊರಿನ ದಿನಸಿ ಅಂಗಡಿಗೆ ಕನ್ನ ಬಿತ್ತು. ಪೊಲೀಸಿನವ ಬಂದು ಶುಕ್ರನನ್ನು ಕೇಳಿದ, ನಿನ್ನೆ ರಾತ್ರಿ ಮಗ ಎಲ್ಲಿದ್ದ ಅಂತ.

"ನಂಗೊತ್ತಿಲ್ಲ. ನಾ ಅವನ ಹತ್ರ ಮಾತಾಡೂದಿಲ್ಲ."

ಆ ರಾತ್ರಿಯಿಡೀ ಸೋಮ ಜಗಲಿಯಲ್ಲೇ ಮಲಗಿದ್ದ. ಮಳೆ ಎರಚಲು ಹೊಡೆದಾಗಲೆಲ್ಲ ಸುಬ್ಬಿ ಎದ್ದು ಅವನ ಕಂಬಳಿ ಸರಿಮಾಡಿದ್ದಳು. ಈಗ ಅವನು ಅಮ್ಮನ ಮುಖ ನೋಡಿದ. ಅವಳು ನೆಲ ನೋಡಿದಳು. ಅವನು ಪೊಲೀಸಿನವನ ಹಿಂದೆ ನಡೆದ. ಈ ಸಲ ದೊಡ್ಡವರ ಜೈಲು.

"ನಾಲಿಗೆ ತುದಿ ತನಕ ಬಂದಿತ್ತು, ಅಕ್ಕ" ಎಂದು ನನ್ನ ಹತ್ತಿರ ಅತ್ತಳು. ಆಮೇಲೆ ಸಿಕ್ಕಿದವರಿಗೆಲ್ಲ ಹೇಳಿದಳು, ಹೊನ್ನಾವರದ ಸಂತೆಯಲ್ಲಿ, ಕುಮಟೆಯ ಬಸ್ಸಿನಲ್ಲಿ: "ಅಂವ ಮನೇಲೇ ಇದ್ದ." ಜನರಿಗೆ ಅದು ಸೊಪ್ಪು ಮಾರುವವಳ ಕೂಗಿನ ಹಾಗೆಯೇ ಕೇಳಿಸಿತು.

ಅರವತ್ತಾರರ ಮಳೆಯಲ್ಲಿ ಜ್ವರ ಹಿಡಿದು ಮಲಗಿದಳು. ಸೋಮ ಬಿಡುಗಡೆಯಾಗಲು ಇನ್ನೂ ಸಮಯವಿತ್ತು. ಗಂಜಿ ಒಯ್ದಿದ್ದೆ, ಬೇಡವೆಂದು ನನ್ನ ಕೈ ಹಿಡಿದಳು.

"ಅಕ್ಕ, ಅಂವ ಬತ್ತ. ನಾ ಇರೂದಿಲ್ಲ. ಒಬ್ನೇ ಸುಮ್ನೆ ಕೂತ್ಕಂಡಿದ್ರೆ ನೀ ಹೋಗಿ ಎಂತಾರೂ ಕೇಳು. ಜೈಲಲ್ಲಿ ಹೊಡದ್ರಾ ಅಂತಾದ್ರೂ ಕೇಳು. ಅವನಪ್ಪಗೂ ಕೇಳೂ ಹಾಂಗೆ, ದೊಡ್ಡಕೆ ಕೇಳು."